ತೊಂಬತ್ತರಲ್ಲಿ ಬರುವ ನಡುಕ

ಗಂಟೆಗೆ 84 ಕಿಲೋಮೀಟರ್ ಮುಟ್ಟುವವರೆಗೆ ಏನೂ ಇಲ್ಲ. ಅಲ್ಲಿಂದ ಸ್ಟಿಯರಿಂಗ್ ಸಣ್ಣಗೆ ನಡುಗಲು ಶುರು, 92ಕ್ಕೆ ಬರುವಾಗ ಎರಡೂ ಅಂಗೈ ಜುಮುಗುಡುತ್ತವೆ, 100 ದಾಟಿದರೆ ಮತ್ತೆ ಕಡಿಮೆ. 2024ರ ಮಳೆಗಾಲದಲ್ಲಿ ನಮ್ಮ ಹ್ಯಾಚ್‌ಬ್ಯಾಕ್ ಕಾರಿಗೆ ಅಂಟಿಕೊಂಡ ಈ ಕಾಯಿಲೆಯನ್ನು ಬಿಡಿಸಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಬೆನ್ನಿನ ಶಸ್ತ್ರಚಿಕಿತ್ಸೆ ಆಗಿರುವ ಅಮ್ಮನನ್ನು ತಿಂಗಳಿಗೆ ಎರಡು ಸಲ ಹಾಸನದಿಂದ ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಹಿರೀಸಾವೆ ದಾಟಿದ ಮೇಲೆ ಒಂದು ದಿನ ಅವರು, "ಕಾಲ ಕೆಳಗೆ ಹಿಟ್ಟಿನ ಗಿರಣಿ ಓಡಿದ ಹಾಗಿದೆಯಲ್ಲೋ" ಎಂದರು. ಇನ್ನು ಇದನ್ನು ಹಾಗೆಯೇ ಬಿಡುವಂತಿಲ್ಲ ಎಂದು ನಾನು ತೀರ್ಮಾನಿಸಿದ್ದು ಆಗ.

ಅಷ್ಟರಲ್ಲಿ ಎರಡು ಅಂಗಡಿಗಳಲ್ಲಿ ಚಕ್ರದ ತೂಕ ಸರಿದೂಗಿಸುವ ಬ್ಯಾಲೆನ್ಸಿಂಗ್, ಒಂದು ಕಡೆ ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಆಗಿತ್ತು. ಅಲೈನ್‌ಮೆಂಟ್‌ಗೂ ಈ ಬಗೆಯ ನಡುಕಕ್ಕೂ ಸಂಬಂಧವೇ ಇಲ್ಲ. ಅದು ಕೆಟ್ಟರೆ ಕಾರು ಒಂದು ಕಡೆಗೆ ಎಳೆಯುತ್ತದೆ, ಟೈರು ಒಂದು ಅಂಚಿನಲ್ಲಿ ಸವೆಯುತ್ತದೆ. ಮೂರನೆಯ ಸಲ ಹೋದಾಗ, "ನಾಲ್ಕೂ ಟೈರ್ ಬದಲಾಯಿಸಿಬಿಡಿ ಸರ್" ಎಂಬ ಸಲಹೆ ಸಿಕ್ಕಿತು. 18,000 ರೂಪಾಯಿ. ಟೈರಿನ ಪಕ್ಕದಲ್ಲಿ 1421 ಎಂದಿತ್ತು, ಅಂದರೆ 2021ರ 14ನೇ ವಾರದಲ್ಲಿ ತಯಾರಾದದ್ದು. ಟೈರಿನ ಮೈಮೇಲಿನ ಗೀರುಗಳ ಆಳ ಇನ್ನೂ 5 ಮಿಲಿಮೀಟರ್ ಇತ್ತು. ಸವೆತದ ಮಿತಿ 1.6. ಏನು ಕೆಟ್ಟಿದೆ ಎಂದು ತಿಳಿಯದೆ ನಾಲ್ಕನ್ನೂ ಎಸೆಯಲು ಮನಸ್ಸು ಒಪ್ಪಲಿಲ್ಲ.

ಒಂದು ನೋಟ್‌ಪುಸ್ತಕ ತೆಗೆದುಕೊಂಡು ಮೊದಲಿನಿಂದ ಶುರು ಮಾಡಿದೆ. ಚನ್ನರಾಯಪಟ್ಟಣ ದಾಟಿದ ಮೇಲೆ ಸಿಗುವ ಒಂದು ನೇರ ತುಂಡು ರಸ್ತೆ, ಪ್ರತಿ ಸಲವೂ ಅದೇ ಜಾಗ, ಟೈರಿನಲ್ಲಿ ಅದೇ 30 ಪೌಂಡ್ ಗಾಳಿ. 92ರಲ್ಲಿ ಐದನೇ ಗೇರಿನಿಂದ ನಾಲ್ಕಕ್ಕೆ ಇಳಿಸಿದೆ. ಎಂಜಿನ್ನಿನ ಸುತ್ತು ಏರಿತು, ನಡುಕ ಬದಲಾಗಲಿಲ್ಲ. ಹಿಂದೆ ಯಾವ ವಾಹನವೂ ಇಲ್ಲದಾಗ ಒಂದು ಕ್ಷಣ ನ್ಯೂಟ್ರಲ್ ಮಾಡಿದೆ, ಆಗಲೂ ಅಷ್ಟೇ. ಅಲ್ಲಿಗೆ ಎಂಜಿನ್ ಮತ್ತು ಅದನ್ನು ಹಿಡಿದಿಡುವ ಮೌಂಟಿಂಗ್‌ಗಳು ಪಾರಾದವು. ಆಕ್ಸಿಲರೇಟರ್ ಒತ್ತಿದರೂ ಬಿಟ್ಟರೂ ವ್ಯತ್ಯಾಸ ಇರಲಿಲ್ಲವಾದ್ದರಿಂದ, ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟ್ ಮೇಲಿನ ಅನುಮಾನವೂ ಹೋಯಿತು. ಅದು ಸವೆದಿದ್ದರೆ ಎಳೆತದ ಹೊತ್ತಿನಲ್ಲಿ ಹೆಚ್ಚು ನಡುಗಬೇಕು. ಬ್ರೇಕ್ ಒತ್ತಿದಾಗ ನಡುಕ ಹೆಚ್ಚಲಿಲ್ಲ, ಹಾಗಾಗಿ ಡಿಸ್ಕನ್ನು ದೂರಲು ಕಾರಣ ಇರಲಿಲ್ಲ. ಉಳಿದದ್ದು ಚಕ್ರ, ಅದನ್ನು ಹೊರುವ ಹಬ್ಬು. ಹಿಂದಿನ ಸೀಟಿಗಿಂತ ಕೈಗೆ ಹೆಚ್ಚು ತಿಳಿಯುತ್ತಿತ್ತು, ಆದ್ದರಿಂದ ಮುಂದಿನ ಎರಡರಲ್ಲಿ ಹುಡುಕಬೇಕು.

100 ದಾಟಿದರೆ ಏಕೆ ಕಡಿಮೆಯಾಗುತ್ತದೆ ಎಂಬುದು ನನ್ನನ್ನು ಬಹಳ ಕಾಡಿತ್ತು. ಲೆಕ್ಕ ಹಾಕಿದ ಮೇಲೆ ಹೊಳೆಯಿತು. ನಮ್ಮ ಟೈರು 165/80 ಆರ್ 14. ಒಂದು ಸುತ್ತಿಗೆ ಸುಮಾರು 1.9 ಮೀಟರ್ ಉರುಳುತ್ತದೆ. 92ರ ವೇಗದಲ್ಲಿ ಸೆಕೆಂಡಿಗೆ 13 ಸುತ್ತಿಗಿಂತ ಸ್ವಲ್ಪ ಹೆಚ್ಚು. ಕಾರಿನ ಸ್ಪ್ರಿಂಗಿನ ಕೆಳಗೆ ತೂಗುವ ಚಕ್ರ, ಹಬ್ಬು, ಬ್ರೇಕ್ ಇವೆಲ್ಲ ಸೇರಿದ ಭಾಗ ತಾನಾಗಿ ಮೇಲೆ ಕೆಳಗೆ ಕುಣಿಯುವ ಲಯ ಸಾಮಾನ್ಯವಾಗಿ ಸೆಕೆಂಡಿಗೆ 10ರಿಂದ 15ರ ನಡುವೆ ಇರುತ್ತದೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಕಿರುಬೆರಳೂ ಸಾಕು. ಚಕ್ರದ ಚಿಕ್ಕ ದೋಷವೊಂದು ಆ ಹೊತ್ತಿಗೆ ಸರಿಯಾಗಿ ತಳ್ಳುತ್ತಿತ್ತು. ವೇಗ ಏರಿದರೆ ಲಯ ತಪ್ಪುತ್ತಿತ್ತು. ದೋಷ ಮಾತ್ರ ಎಲ್ಲ ವೇಗದಲ್ಲೂ ಇದ್ದೇ ಇತ್ತು.

ಮುಂದಿನ ಕೆಲಸಕ್ಕೆ ಸ್ಟೆಪ್ನಿಯೇ ಸಾಕಾಯಿತು. ನಮ್ಮದು ಪೂರ್ತಿ ಅಳತೆಯ ಸ್ಟೆಪ್ನಿ, ಹೆಚ್ಚು ಓಡದ ಟೈರು. ಮೊದಲು ಅದನ್ನು ಮುಂದಿನ ಎಡಕ್ಕೆ ಹಾಕಿ ಓಡಿಸಿದೆ. ಕೂದಲೆಳೆಯಷ್ಟೂ ಬದಲಾವಣೆ ಇಲ್ಲ. ಎಡಗಡೆಯ ಹಳೆಯ ಚಕ್ರವನ್ನು ಮತ್ತೆ ಅದರ ಜಾಗಕ್ಕೇ ಹಾಕಿ, ಮರುವಾರ ಸ್ಟೆಪ್ನಿಯನ್ನು ಮುಂದಿನ ಬಲಕ್ಕೆ ಕಟ್ಟಿದೆ. ನಡುಕ ಅರ್ಧಕ್ಕೆ ಇಳಿಯಿತು. ಖಾತ್ರಿಗೆಂದು ಆ ಬಲಗಡೆಯ ಚಕ್ರವನ್ನು ಹಿಂದಕ್ಕೆ ಹಾಕಿ ಬೆಂಗಳೂರಿಗೆ ಹೊರಟರೆ, ಹಿಂದೆ ಕುಳಿತಿದ್ದ ಅಮ್ಮ ಹತ್ತೇ ನಿಮಿಷಕ್ಕೆ, "ಈಗ ಗಿರಣಿ ನನ್ನ ಸೀಟಿನ ಅಡಿಗೇ ಬಂತು" ಎಂದರು. ಅವರಿಗೆ ನೋವು ಕೊಟ್ಟ ಆ ಪರೀಕ್ಷೆಗೆ ನನಗೆ ಇಂದಿಗೂ ಬೇಸರವಿದೆ. ಖಾಲಿ ಕಾರಿನಲ್ಲಿ, ಗೆಳೆಯನೊಬ್ಬನನ್ನು ಹಿಂದೆ ಕೂರಿಸಿಕೊಂಡು ಮಾಡಬೇಕಿತ್ತು.

ಆ ಭಾನುವಾರ ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಜ್ಯಾಕಿನ ಜೊತೆಗೆ ಸ್ಟ್ಯಾಂಡನ್ನೂ ಇಟ್ಟು ಕಾರನ್ನು ಎತ್ತಿದೆ. ಲೇತ್ ಕೆಲಸ ಮಾಡುವ ಗೆಳೆಯ, ಕೂದಲೆಳೆಯಷ್ಟು ಏರಿಳಿತವನ್ನೂ ಅಳೆಯುವ ಡಯಲ್ ಗೇಜ್ ತಂದಿದ್ದ. ಟೈರಿನ ಮೈ ಗೀರುಗೀರಾಗಿರುವುದರಿಂದ ಗೇಜಿನ ಮುಳ್ಳು ಎಡವುತ್ತದೆ. ಅದಕ್ಕೆ ನಡುಮಧ್ಯೆ ಸುತ್ತಲೂ ಬಿಗಿಯಾಗಿ ಟೇಪ್ ಅಂಟಿಸಿಕೊಂಡೆವು. ಕೈಯಿಂದ ನಿಧಾನವಾಗಿ ತಿರುಗಿಸಿದರೆ ಸ್ಟೆಪ್ನಿ 0.7 ಮಿಲಿಮೀಟರ್ ಏರಿಳಿಯಿತು. ಅನುಮಾನದ ಟೈರು 2.1. ಅದರ ರಿಮ್ಮು ನೆಟ್ಟಗಿತ್ತು. ಅಂಗೈ ಸವರಿದಾಗ ಒಂದು ಕಡೆ ಗೇಣಗಲ ಉಬ್ಬು ಸಿಕ್ಕಿತು, ಅದರ ಎತ್ತರ ಮಾತ್ರ ಕಣ್ಣಿಗೆ ಕಾಣದಷ್ಟು ಸಣ್ಣದು. ಜುಲೈನಲ್ಲಿ ಶಿರಾಡಿ ಘಾಟಿಯಲ್ಲಿ ನೀರು ತುಂಬಿದ ಗುಂಡಿಗೆ ಬಲಗಡೆಯ ಚಕ್ರ ದಢಾರನೆ ಇಳಿದದ್ದು ನೆನಪಾಯಿತು. ಒಳಗಿನ ಉಕ್ಕಿನ ಬೆಲ್ಟ್ ಅಲ್ಲಿ ಜರುಗಿತ್ತು. ಬ್ಯಾಲೆನ್ಸಿಂಗ್ ಯಂತ್ರ ಇದನ್ನು ಹೇಳದಿದ್ದದ್ದು ಯಂತ್ರದ ತಪ್ಪಲ್ಲ. ಅದು ಅಳೆಯುವುದು ತೂಕದ ಹಂಚಿಕೆಯನ್ನು. ಉಬ್ಬಿದ ಟೈರಿಗೂ ತೂಕ ಹೊಡೆದು ಸೊನ್ನೆ ತೋರಿಸಬಹುದು, ಆದರೆ ರಸ್ತೆಗೆ ಒತ್ತಿಕೊಂಡು ಉರುಳುವಾಗ ಆ ಉಬ್ಬು ಸುತ್ತಿಗೊಮ್ಮೆ ಅಚ್ಚನ್ನು ಮೇಲೆತ್ತುತ್ತಲೇ ಇರುತ್ತದೆ.

ಆ ಒಂದು ಟೈರನ್ನು ತೆಗೆದುಹಾಕಿದೆ. ಆದರೂ ಅರ್ಧ ನಡುಕ ಉಳಿದಿತ್ತಲ್ಲ! ಈ ಎರಡನೆಯ ಅರ್ಧವೇ ನನಗೆ ನಿಜವಾದ ಪಾಠ ಕಲಿಸಿತು. ಅದೇ ಸ್ಟೆಪ್ನಿಯನ್ನು ಎಡಗಡೆಯ ಹಬ್ಬಿಗೆ ಕಟ್ಟಿ ರಿಮ್ಮಿನ ಅಂಚಿಗೆ ಗೇಜ್ ಇಟ್ಟಾಗ 1.2 ಬಂತು, ಬಲಗಡೆಯಲ್ಲಿ 0.5. ಚಕ್ರ ಒಂದೇ, ಕೂರುವ ಜಾಗ ಬೇರೆ, ಅಳತೆ ಬೇರೆ. ಮೊದಲ ವಾರ ಎಡಕ್ಕೆ ಸ್ಟೆಪ್ನಿ ಹಾಕಿದಾಗ ಏನೂ ಬದಲಾಗದಿದ್ದದ್ದು ಇದಕ್ಕೇ. ಬಿಚ್ಚಿ ನೋಡಿದರೆ ಹಬ್ಬಿನ ನಡುವಿನ ಉಂಗುರದ ಸುತ್ತ ತುಕ್ಕು ಮತ್ತು ಕೆಮ್ಮಣ್ಣು ಸೇರಿ ಕಲ್ಲಿನಂತೆ ಗಟ್ಟಿಯಾಗಿತ್ತು. ಹಿಂದಿನ ವರ್ಷ ಎಡಗಡೆಯ ಬೇರಿಂಗ್ ಬದಲಾಯಿಸಿದಾಗಲೂ ಯಾರೂ ಅದನ್ನು ಉಜ್ಜಿರಲಿಲ್ಲ. ಚಕ್ರ ಸುಮಾರು ಮೂರನೇ ಒಂದು ಮಿಲಿಮೀಟರ್ ಕೇಂದ್ರ ತಪ್ಪಿ ಕೂರುತ್ತಿತ್ತು. ಅಷ್ಟೇ ಎನ್ನಿಸಬಹುದು. 15 ಕಿಲೋ ತೂಗುವ ಚಕ್ರ ಅಷ್ಟು ಜರುಗಿದರೆ ರಿಮ್ಮಿನ ಅಂಚಿಗೆ ಹತ್ತಿರ ಹತ್ತಿರ 30 ಗ್ರಾಂ ತೂಕ ಸಿಕ್ಕಿಸಿದ ಹಾಗೆ. ಬ್ಯಾಲೆನ್ಸಿಂಗ್ ಅಂಗಡಿಯಲ್ಲಿ ಚಕ್ರ ಕೂರುವುದು ಅವರ ಯಂತ್ರದ ಮೇಲೆ, ನಮ್ಮ ಹಬ್ಬಿನ ಮೇಲೆ ಅಲ್ಲ. ಅಲ್ಲಿ ಸೊನ್ನೆ, ರಸ್ತೆಯಲ್ಲಿ ನಡುಕ.

ತಂತಿ ಬ್ರಷ್ಷಿನಿಂದ ಲೋಹ ಹೊಳೆಯುವವರೆಗೆ ಉಜ್ಜಿದೆ, ರಿಮ್ಮಿನ ನಡುತೂತಿನ ಒಳಗನ್ನೂ ಉಜ್ಜಿದೆ. ಆಮೇಲೆ ಚಕ್ರ ಇನ್ನೂ ಗಾಳಿಯಲ್ಲಿರುವಾಗಲೇ ನಟ್ಟುಗಳನ್ನು ಬೆರಳಿನಿಂದ ಕೂರಿಸಿ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದು, ಕಾರನ್ನು ಕೆಳಗಿಳಿಸಿದ ಮೇಲೆ ಟಾರ್ಕ್ ರೆಂಚಿನಲ್ಲಿ ಕೈಪಿಡಿ ಹೇಳಿದಷ್ಟೇ ಬಿಗಿದೆ. ಗಾಳಿ ಗನ್ನಿನಲ್ಲಿ ಒಂದೇ ನಟ್ಟನ್ನು ಮೊದಲು ಗರಗರ ಬಿಗಿದುಬಿಟ್ಟರೆ ಚಕ್ರ ಓರೆಯಾಗಿ ಕಚ್ಚಿಕೊಳ್ಳಬಹುದು. ಈಗ ಯಾವ ಅಂಗಡಿಗೆ ಹೋದರೂ ಪಕ್ಕದಲ್ಲಿ ನಿಂತು ಕೈಯಲ್ಲಿ ಶುರು ಮಾಡಲು ಕೇಳಿಕೊಳ್ಳುತ್ತೇನೆ. ಬ್ಯಾಲೆನ್ಸಿಂಗ್ ಮಾಡುವಾಗಲೂ ಸೊನ್ನೆ ಬಂದ ಮೇಲೆ ಚಕ್ರವನ್ನು ಸಡಿಲಿಸಿ, ಅರ್ಧ ಸುತ್ತು ತಿರುಗಿಸಿ ಕೂರಿಸಿ, ಮತ್ತೊಮ್ಮೆ ಓಡಿಸಲು ಹೇಳುತ್ತೇನೆ. ಆಗ ಸೊನ್ನೆ ಕದಲಿದರೆ ಚಕ್ರ ಯಂತ್ರದ ಮೇಲೇ ಸರಿಯಾಗಿ ಕೂತಿಲ್ಲ ಎಂದರ್ಥ. ಎರಡು ನಿಮಿಷದ ಕೆಲಸ, ಯಾರೂ ಬೇಡವೆಂದಿಲ್ಲ.

ಎಡಗಡೆಯ ಲೋವರ್ ಆರ್ಮ್ ಬುಷ್, ಅಂದರೆ ಚಕ್ರವನ್ನು ಕಾರಿನ ಮೈಗೆ ಜೋಡಿಸುವ ತೋಳಿನ ರಬ್ಬರ್ ತುಂಡು, ಸ್ವಲ್ಪ ಬಿರುಕು ಬಿಟ್ಟಿದೆ. ಬುಷ್ ತಾನಾಗಿ ಈ ನಡುಕ ಹುಟ್ಟಿಸುವುದಿಲ್ಲ, ಇರುವುದನ್ನು ಕೈಗೆ ದಾಟಿಸುತ್ತದೆ. 95ರ ಹತ್ತಿರ ಈಗಲೂ ಬೆರಳಿಗೆ ಸಿಗುವ ಸಣ್ಣ ಕಂಪನ ಅದರದ್ದೇ ಇರಬೇಕು. ಮುಂದಿನ ತಿಂಗಳು ಬದಲಾಯಿಸುತ್ತೇನೆ. ಕಳೆದ ಸಲ ಬೆಂಗಳೂರಿಗೆ ಹೋದಾಗ ಯಡಿಯೂರು ಬರುವ ಮೊದಲೇ ಅಮ್ಮ ನಿದ್ದೆ ಹೋಗಿದ್ದರು. ನೆಲಮಂಗಲದ ಗದ್ದಲದಲ್ಲಿ ಎದ್ದು, "ಇಷ್ಟು ಬೇಗ ಬಂದೆವಾ?" ಎಂದು ಕೇಳಿದರು.