433 ಬಿಟ್ಟು 300ಎ ಹಿಡಿದೆ

ಕಲಬುರಗಿಯ ಮೇ ತಿಂಗಳು. ನನ್ನ ಹಳೆ ಕಂಪ್ಯೂಟರಿನ 440ಬಿಎಕ್ಸ್ ಮದರ್‌ಬೋರ್ಡ್ ಮೇಲೆ 300 ಮೆಗಾಹರ್ಟ್ಜ್‌ನ ಸೆಲೆರಾನ್ 300ಎ ಪ್ರೊಸೆಸರ್ ಓವರ್‌ಕ್ಲಾಕ್ ಆಗಿ (ಕಂಪನಿ ಕೊಟ್ಟ ವೇಗ ಮೀರಿ) 450 ಮೆಗಾಹರ್ಟ್ಜ್‌ನಲ್ಲಿ ರಾತ್ರಿಯಿಡೀ ಪ್ರೈಮ್95 ಎಂಬ ಪರೀಕ್ಷಾ ಪ್ರೋಗ್ರಾಂ ಓಡಿಸಿತು. ಒಂದೂ ಎರರ್ ಇಲ್ಲ. "ಈ ಬಿಸಿಲಾಗ ನಡೆಂಗಿಲ್ಲ ದೋಸ್ತ, ಸುಮ್ಕ ರೊಕ್ಕ ಹಾಳ್ ಮಾಡ್ಕೋಬ್ಯಾಡ" ಅಂದಿದ್ದ ರಿಪೇರಿ ಅಂಗಡಿ ಗೆಳೆಯ ಬಂದು ನೋಡಿದ. ಏನೂ ಅನ್ನದೆ ಚಹಾ ಕುಡಿದು ಹೋದ.

ಮೊದಲು ನಾನೂ ಎಡವಿದ್ದೆ. ನಂಬರ್ ದೊಡ್ಡದಿದ್ದರೆ ಒಳ್ಳೇದು ಅಂತ ಸೆಲೆರಾನ್ 433 ತಂದೆ, ಸುಮಾರು 600 ರೂಪಾಯಿ. ಬೋರ್ಡಿನ ಬಸ್ (ಪ್ರೊಸೆಸರ್‌ಗೆ ಡೇಟಾ ಸಾಗಿಸುವ ದಾರಿ) ವೇಗವನ್ನು ಮಲ್ಟಿಪ್ಲೈಯರ್‌ನಿಂದ ಗುಣಿಸಿದರೆ ಪ್ರೊಸೆಸರ್ ವೇಗ. ಇದರ ಬಸ್ 66, ಮಲ್ಟಿಪ್ಲೈಯರ್ 6.5, ಅದೂ ಲಾಕ್. ಬಸ್ 100ಕ್ಕೆ ಏರಿಸಿದರೆ 650 ಆಗಬೇಕು, ಪರದೆ ಕಪ್ಪು. 83ಕ್ಕೆ ಇಳಿಸಿದೆ, 540ರಲ್ಲಿ ವಿಂಡೋಸ್ 98 ಬಂತು. ಎರಡು ದಿನ ಮೀಸೆ ತಿರುವಿದೆ. ಮೂರನೇ ದಿನ ಹಾರ್ಡ್ ಡಿಸ್ಕ್ ಫೈಲ್‌ಗಳೆಲ್ಲ ಕಲಸುಮೇಲೋಗರ. 83ರಲ್ಲಿ ಡಿಸ್ಕ್, ಕಾರ್ಡುಗಳನ್ನು ನಡೆಸುವ ಪಿಸಿಐ ವೇಗ 33ರ ಬದಲು 41 ದಾಟುತ್ತದೆ ಅಂತ ಗೊತ್ತಿತ್ತು, ಆಸೆ ಬಿಡಲಿಲ್ಲ. ಮಗಳ ಹಳೆ ಫೋಟೋ ಹೋದವು. ಮನೆಯಲ್ಲಿ ಒಂದು ವಾರ ಊಟ ಸಿಕ್ಕಿತು, ಮಾತು ಸಿಗಲಿಲ್ಲ.

ಆಮೇಲೆ ಸೆಲೆರಾನ್ 366. ಜನವರಿಯಲ್ಲಿ 550ರಲ್ಲಿ ಚೆನ್ನಾಗಿಯೇ ಇತ್ತು. ಶಿವರಾತ್ರಿ ಕಳೆದದ್ದೇ ತಡ, ಮಧ್ಯಾಹ್ನ ಮೂರಾದರೆ ಹ್ಯಾಂಗ್. ಕೇಸ್ ಬಿಚ್ಚಿ ನೀರಿನ ಕೂಲರ್ ಮುಂದೆ ಇಟ್ಟೆ. ಹ್ಯಾಂಗ್ ನಿಂತಿತು. ಆದರೆ ಹತ್ತೇ ದಿನದಲ್ಲಿ ಸ್ಕ್ರೂಗಳಿಗೆಲ್ಲ ತುಕ್ಕು! ನೀವು ಮಾಡಬೇಡಿ.

ಕಡೆಗೆ ಹೈದರಾಬಾದಿಗೆ ಹೋದಾಗ ಗುಜರಿ ರಾಶಿಯಲ್ಲಿ 300ಎ ಹುಡುಕಿದೆ. ತಲಾ 250ರಂತೆ ನಾಲ್ಕು. ಮನೆಗೆ ಬಂದು ನೋಡಿದರೆ ಒಂದು ಬರೀ 300, 'ಎ' ಇಲ್ಲದ್ದು. ಎಲ್2 ಕ್ಯಾಶ್ (ಪ್ರೊಸೆಸರ್ ಪಕ್ಕದ ಚುರುಕು ಮೆಮೊರಿ) ಇಲ್ಲದ ಆ ಚಿಪ್ಪಿನಿಂದ ಏನುಪಯೋಗ? 1998ರ 300ಎಗೆ 128 ಕೆಬಿ ಕ್ಯಾಶ್ ಚಿಪ್ಪಿನ ಒಳಗೇ ಇದೆ, ಪ್ರೊಸೆಸರ್ ವೇಗದಲ್ಲೇ ಓಡುತ್ತದೆ. 4.5 ಸಲ 100 ಅಂದರೆ 450. ಪಿಸಿಐ 33, ಗ್ರಾಫಿಕ್ಸ್ ಕಾರ್ಡಿನ ಎಜಿಪಿ 66, ಡಿಸ್ಕ್‌ಗೆ ತೊಂದರೆಯೇ ಇಲ್ಲ.

ಉಳಿದ ಮೂರರಲ್ಲಿ ಒಂದು 2.0 ವೋಲ್ಟ್‌ಗೇ ಎದ್ದಿತು. ಇನ್ನೊಂದಕ್ಕೆ 2.2 ಬೇಕಾಯಿತು. ಮೂರನೆಯದು ಏನು ಮಾಡಿದರೂ ಏಳಲಿಲ್ಲ. ಬಸ್ ವೇಗ 100 ಅಂತ ಬೋರ್ಡಿಗೆ ತೋರಿಸಲು ಪ್ರೊಸೆಸರಿನ ಬಿ21 ಪಿನ್ ಮೇಲೆ ಟೇಪ್ ಹಚ್ಚಿದೆ. ವೋಲ್ಟ್ ಏರಿಸಲು ಯಾವ ಪಿನ್‌ಗಳನ್ನು ಮುಚ್ಚಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ರಾಶಿಯಲ್ಲಿ ಒಳ್ಳೆ ಚಿಪ್ ಹೇಗೆ ಆರಿಸುತ್ತೇನೆ ಅನ್ನೋದೂ ಅಷ್ಟೇ.

ಬಸ್ ಚಾರ್ಜು, ಫ್ಯಾನು, ಥರ್ಮಲ್ ಪೇಸ್ಟು ಸೇರಿ ಎರಡೂವರೆ ಸಾವಿರ ದಾಟಿರಬೇಕು. ಮನೆಯಲ್ಲಿ ಹೇಳಿದ್ದು ಒಂಬೈನೂರು. 433 ಗೆಳೆಯನಿಗೇ ಕೊಟ್ಟೆ. ಅಂಗಡಿಯ ಬಿಲ್ ಮಷಿನ್‌ಗೆ ಹಾಕಿಕೊಂಡಿದ್ದಾನೆ, 433ರಲ್ಲೇ.