ಕಪ್ಪೆ ಕೇಳಿದರೆ ಕಪ್ಪೆಯೇ ಬರಬೇಕು: ಕನ್ನಡ ಟಿಪ್ಪಣಿಗಳ ಹುಡುಕಾಟ, ನನ್ನ ಅನುಭವ

ಐದಾರು ವರ್ಷಗಳಿಂದ ಕೂಡಿಟ್ಟ ತಂತ್ರಜ್ಞಾನ, ವಿಜ್ಞಾನ, ಹಾಸ್ಯದ ಹತ್ತು ಹನ್ನೊಂದು ಸಾವಿರ ಪುಟಗಳಲ್ಲಿ ಬೇಕಾದದ್ದನ್ನು ಈಗ ಕನ್ನಡದಲ್ಲಿ ಕೇಳಿದರೆ ತಕ್ಷಣ ಎದುರಿಗೆ ಬರುತ್ತದೆ. ‘ಟಿಪ್ಪಣಿ ಇಂಗ್ಲಿಷಿನಲ್ಲೇ ಬರೆದಿಡಿ, ಕನ್ನಡ ಹುಡುಕಾಟ ಕೈಕೊಡುತ್ತದೆ’ ಎಂದು ತಂಡದವರೆಲ್ಲ ಹೇಳಿದ್ದರು. ಕೈಕೊಡಲಿಲ್ಲ.

ಮೊದಲು ದುಡ್ಡಿನ ವಿಷಯ. ಬುಕ್‌ಮಾರ್ಕ್ ಸೇವೆಯೊಂದಕ್ಕೆ ವರ್ಷಕ್ಕೆ ಎರಡೂವರೆ ಸಾವಿರ ರೂಪಾಯಿಯಂತೆ ಕಟ್ಟುತ್ತಿದ್ದೆ. ಅದು ಮುಚ್ಚುವಾಗ ಕೈಗೆ ಸಿಕ್ಕಿದ್ದು ಬರೀ ಕೊಂಡಿಗಳು. ಮೂರರಲ್ಲಿ ಒಂದು ಆಗಲೇ ಸತ್ತಿತ್ತು. 2013ರಲ್ಲಿದ್ದ ವೆಬ್ ಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷಗಳ ಬಳಿಕ ಸಿಗುತ್ತಿಲ್ಲ ಎಂದು ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಬಳಿಕ ಬಾಡಿಗೆ ಸರ್ವರ್ ಹಿಡಿದೆ. ತಿಂಗಳಿಗೆ ಎಂಟುನೂರು, ಒಂಬೈನೂರು ರೂಪಾಯಿ. ಚಿತ್ರಗಳೇ ಜಾಗವನ್ನೆಲ್ಲ ನುಂಗಿದವು. ಈಗ ಇರುವುದು ಹಳೆಯ ಲ್ಯಾಪ್‌ಟಾಪ್ ಮತ್ತು ಸುಮಾರು ಆರು ಸಾವಿರ ರೂಪಾಯಿಯ ಎರಡು ಟೆರಾಬೈಟ್ ಡಿಸ್ಕ್. ಓದಿದ ದಿನವೇ ಸಿಂಗಲ್‌ಫೈಲ್ ಎಂಬ ಬ್ರೌಸರ್ ವಿಸ್ತರಣೆಯಲ್ಲಿ ಇಡೀ ಪುಟವನ್ನು ಒಂದೇ ಫೈಲಾಗಿ ಉಳಿಸುತ್ತೇನೆ, ಜೊತೆಗೆ ನನ್ನ ಮಾತಿನಲ್ಲಿ ಎರಡು ಸಾಲು ಕನ್ನಡ ಟಿಪ್ಪಣಿ.

ಆ ಎರಡು ಸಾಲೇ ಎಲ್ಲಕ್ಕಿಂತ ಮುಖ್ಯ. ಉದಾಹರಣೆಗೆ, ಸಿಸ್ಟಂ ನಿರ್ವಾಹಕ ಟ್ರೆ ಹ್ಯಾರಿಸ್ 2002ರಲ್ಲಿ ಬರೆದ ಪ್ರಸಂಗಕ್ಕೆ ನನ್ನ ಟಿಪ್ಪಣಿ: ‘ಐನೂರು ಮೈಲಿ ದಾಟದ ಇ-ಮೇಲ್. ಇ-ಮೇಲ್ ಕಳಿಸುವ ತಂತ್ರಾಂಶ ಸೆಂಡ್‌ಮೇಲ್ ಹಳೆಯ ಆವೃತ್ತಿಗೆ ಇಳಿದು, ಉತ್ತರಕ್ಕೆ ಕಾಯುವ ಅವಧಿ ಸೊನ್ನೆಯಾಗಿತ್ತು. ನಿಜದಲ್ಲಿ ಸುಮಾರು ಮೂರು ಮಿಲಿಸೆಕೆಂಡಿಗೆ ಸಂಪರ್ಕ ಕಡಿಯುತ್ತಿತ್ತು, ಅಷ್ಟರಲ್ಲಿ ಬೆಳಕು ಹೋಗುವಷ್ಟೇ ದೂರ ಪತ್ರ ಹೋಗುತ್ತಿತ್ತು.’ ಮೂಲ ಶೀರ್ಷಿಕೆ ಮರೆತರೂ ‘ಮೈಲಿ’ ಎಂಬುದು ತಲೆಯಲ್ಲಿ ಉಳಿದಿರುತ್ತದೆ. ನೆನಪು ಯಾವ ಭಾಷೆಯಲ್ಲಿ ಉಳಿಯುತ್ತದೋ ಟಿಪ್ಪಣಿಯೂ ಅದರಲ್ಲೇ ಇರಬೇಕೆಂಬುದು ನನ್ನ ಹಠ.

ಹುಡುಕಾಟಕ್ಕೆ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸಿನ ಪಠ್ಯ ಹುಡುಕುವ ಭಾಗ ಎಫ್‌ಟಿಎಸ್5 ಹಾಕಿದೆ. ಮೊದಲ ದಿನವೇ ವಿಚಿತ್ರ: ‘ಕಪ್ಪೆ’ ಎಂದು ಕೇಳಿದರೆ ಕಪ್ಪುಕುಳಿಗಳು ಸಾಲುಗಟ್ಟಿ ಬಂದವು! ನನಗೆ ಬೇಕಿದ್ದದ್ದು ಭೌತವಿಜ್ಞಾನಿ ಆಂದ್ರೆ ಗೈಮ್ ಕಾಂತಕ್ಷೇತ್ರದಲ್ಲಿ ತೇಲಿಸಿದ ಕಪ್ಪೆ. ಅದಕ್ಕೆ ಅವರಿಗೆ 2000ದಲ್ಲಿ, ನಗಿಸುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಂತು, 2010ರಲ್ಲಿ ಗ್ರಾಫೀನ್‌ಗಾಗಿ ನಿಜವಾದ ನೊಬೆಲ್. ಕಾರಣ ಹುಡುಕಲು ಎರಡು ಮೂರು ರಾತ್ರಿ ಹಿಡಿಯಿತು. ಪಠ್ಯವನ್ನು ಪದಗಳಾಗಿ ಬಿಡಿಸುವ ಅದರ ಯೂನಿಕೋಡ್61 ಟೋಕನೈಸರ್ ಮೂಲ ಸ್ಥಿತಿಯಲ್ಲಿ ಅಕ್ಷರ, ಅಂಕಿಗಳನ್ನಷ್ಟೇ ಪದದ ಭಾಗವೆಂದು ಎಣಿಸುತ್ತದೆ. ನಮ್ಮ ಸ್ವರಚಿಹ್ನೆಗಳೂ ಹಲಂತವೂ ಅದಕ್ಕೆ ಪದ ಒಡೆಯುವ ಜಾಗಗಳು. ಹಾಗಾಗಿ ಕಪ್ಪೆಯೂ ‘ಕಪ’ ‘ಪ’, ಕಪ್ಪೂ ‘ಕಪ’ ‘ಪ’. ಕ್ಯಾಟಗರೀಸ್ ಆಯ್ಕೆಯಲ್ಲಿ ಇಂಥ ಚಿಹ್ನೆಗಳ ‘ಮಾರ್ಕ್’ ವರ್ಗವನ್ನೂ ಸೇರಿಸಿದ ಮೇಲೆ ಕಪ್ಪೆ ಕಪ್ಪೆಯಾಯಿತು.

ಆದರೂ ‘ಕಪ್ಪೆಯನ್ನು’, ‘ಮರಗಪ್ಪೆ’ ಸಿಗದೆ ಉಳಿದವು. ಪದದ ಕೊನೆಗೆ ನಕ್ಷತ್ರ ಹಾಕಿದರೆ ಮೊದಲನೆಯದು ಸಿಗುತ್ತದೆ, ಎರಡನೆಯದು ಸಿಗುವುದಿಲ್ಲ. ಅದಕ್ಕೆ ಶೀರ್ಷಿಕೆ ಮತ್ತು ಟಿಪ್ಪಣಿಗೆ, ಮೂರು ಮೂರು ಸಂಕೇತದ ತುಣುಕಾಗಿ ಒಡೆದು ಪದದ ನಡುವೆಯೂ ಹುಡುಕುವ ಟ್ರೈಗ್ರಾಂ, ಪುಟದ ಪಠ್ಯಕ್ಕೆ ಯೂನಿಕೋಡ್61 ಎಂದು ಎರಡು ಸೂಚಿ ಮಾಡಿದೆ. ಎಲ್ಲಕ್ಕೂ ಟ್ರೈಗ್ರಾಂ ಹಾಕಿ ನೋಡಿದ್ದೆ, ಫೈಲು ಮೂರು ಪಟ್ಟು ಉಬ್ಬಿತು. ಸಂಧಿಯಲ್ಲಿ ‘ಕ’ ‘ಗ’ ಆಗುವ ಮರಗಪ್ಪೆಯಂಥವನ್ನು ಟ್ರೈಗ್ರಾಂ ಒಂದೇ ಹಿಡಿಯದು, ಅದಕ್ಕೆ ಇನ್ನೊಂದು ಉಪಾಯವಿದೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಸೂಚಿಗೆ ಹೋಗುವ ಮೊದಲು ಪಠ್ಯವನ್ನು ಎನ್‌ಎಫ್‌ಸಿ ಎಂಬ ಯೂನಿಕೋಡಿನ ಏಕರೂಪಕ್ಕೆ ತರಲೇಬೇಕು. ‘ಕೊ’ ಒಂದೇ ಚಿಹ್ನೆಯಾಗಿಯೂ ಬರುತ್ತದೆ, ಎರಡಾಗಿ ಒಡೆದೂ ಬರುತ್ತದೆ. ಪರದೆಯ ಮೇಲೆ ವ್ಯತ್ಯಾಸವೇ ಕಾಣುವುದಿಲ್ಲ. ‘ಸಾಫ್ಟ್‌ವೇರ್’ ನಡುವೆ ಅಡಗಿರುವ ಶೂನ್ಯ ಅಗಲದ ಅಕ್ಷರವನ್ನೂ ತೆಗೆಯಿರಿ, ಇಲ್ಲವಾದರೆ ಪದ ಎರಡಾಗುತ್ತದೆ. ಹುಡುಕುವ ಪದಕ್ಕೂ ಇದೇ ಸಂಸ್ಕಾರ ಆಗಬೇಕು.

ನಡುವೆ ಕನ್ನಡದ ನಗೆಹನಿ ಚಿತ್ರಗಳನ್ನು ಚಿತ್ರದಿಂದ ಅಕ್ಷರ ಓದುವ ಟೆಸರಾಕ್ಟ್‌ಗೆ ಕೊಟ್ಟು ನೋಡಿದೆ. ಅಚ್ಚುಕಟ್ಟಾದ ಅಕ್ಷರ ಪರವಾಗಿಲ್ಲ, ಅಲಂಕಾರದ ಅಕ್ಷರಗಳಲ್ಲಿ ಒತ್ತುಗಳೆಲ್ಲ ಕಲಸಿಹೋದವು. ಅವಕ್ಕೆ ಕೈಯಿಂದಲೇ ಟಿಪ್ಪಣಿ ಬರೆಯುತ್ತೇನೆ. ಇನ್ನೊಂದು ಪ್ರಯೋಗ ಗೆದ್ದಿತು: ಪ್ರತಿ ಬೆಳಿಗ್ಗೆ ಹಳೆಯ ಸಂಗ್ರಹದಿಂದ ಒಂದು ಟಿಪ್ಪಣಿ ತಂಡದ ಗುಂಪಿಗೆ ಹೋಗುತ್ತದೆ. ಕೇಂಬ್ರಿಡ್ಜ್ ಪ್ರಯೋಗಾಲಯದಲ್ಲಿ 1991ರಲ್ಲಿ ಕಾಫಿ ಪಾತ್ರೆ ತುಂಬಿದೆಯೇ ಎಂದು ನೋಡಲು ಕ್ಯಾಮೆರಾ ಇಟ್ಟ ಕಥೆ ಹೋದ ದಿನ, ಕನ್ನಡ ಬೇಡವೆಂದಿದ್ದವರೇ ಸ್ಕ್ರಿಪ್ಟ್ ಕೇಳಿದರು. ಕೊಟ್ಟಿದ್ದೇನೆ.

ಮೂರು ಸಂಕೇತಕ್ಕಿಂತ ಚಿಕ್ಕ ಪದ, ‘ಹೂ’ ಥರದ್ದು, ಟ್ರೈಗ್ರಾಂನಲ್ಲಿ ಸಿಗುವುದಿಲ್ಲ. ಅದಕ್ಕೆ ಡೇಟಾಬೇಸಿನ ಮಾಮೂಲು ‘ಲೈಕ್’ ಹುಡುಕಾಟ ಬಳಸಿ, ಇಷ್ಟು ಸಂಗ್ರಹಕ್ಕೆ ವೇಗ ಸಾಕು. ಬರೆಯುತ್ತಿರುವ ಡೇಟಾಬೇಸನ್ನು ಸುಮ್ಮನೆ ನಕಲು ಮಾಡದೆ ಬ್ಯಾಕಪ್ ಆದೇಶದಿಂದಲೇ ಎರಡನೆಯ ಡಿಸ್ಕಿಗೆ ಇಳಿಸಿ.