ರೈಸ್ ಮಿಲ್ಲಿನ ಲೆಕ್ಕದ ಪುಸ್ತಕ ಹಿಡಿದು ವಿಶ್ವವಿದ್ಯಾಲಯಕ್ಕೆ ಹೋಗುವುದು ಹೇಗೆ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತ, ಅಕ್ಕಿ ವ್ಯಾಪಾರ ಮಾಡುವ ಎಲ್ಲರಿಗೂ ಇದು ಗೊತ್ತು. ಭತ್ತ ತಂದ ರೈತನಿಗೆ ದುಡ್ಡು ಬೇಗ ಕೊಡಬೇಕು. ಅಕ್ಕಿ ಒಯ್ದ ವ್ಯಾಪಾರಿ ಮಾತ್ರ ಒಂದೂವರೆ ತಿಂಗಳು, ಎರಡು ತಿಂಗಳು ಎಳೆಯುತ್ತಾನೆ. ನಡುವೆ ಸಿಕ್ಕಿಬಿದ್ದ ದುಡ್ಡಿಗೆ ಬಡ್ಡಿ ಕಟ್ಟುವವರು ನಾವು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವವರಿಗೂ ಇದೇ ತೊಂದರೆ. ಹೊಲಿದವರಿಗೆ ವಾರ ವಾರ ಕೂಲಿ ಕೊಡಬೇಕು, ಅಂಗಡಿಯವರಿಂದ ದುಡ್ಡು ಬರುವುದು ಹಬ್ಬ ಮುಗಿದ ಮೇಲೆ.

ಹೀಗೆ ನಡುವೆ ನಿಲ್ಲುವ ದುಡ್ಡಿಗೇ ಹೊಸ ದಾರಿ ಬೇಕು. ಅದನ್ನು ಹುಡುಕುವ ಜನ ನಮ್ಮ ಹತ್ತಿರವೇ ಇದ್ದಾರೆ. ರಾಯಚೂರಿನಲ್ಲಿ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ, 2019ರಲ್ಲಿ ಮಾಹಿತಿ ತಂತ್ರಜ್ಞಾನ ಕಲಿಸುವ ಐಐಐಟಿಯೂ ಬಂತು. ಬಳ್ಳಾರಿಯಲ್ಲಿ 2010ರಿಂದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಇದೆ. ನಮ್ಮ ಲೆಕ್ಕ ಅವರ ಕಣ್ಣಿಗೆ ಬಿದ್ದಿಲ್ಲ, ಅವರ ವಿದ್ಯೆ ನಮ್ಮ ಗದ್ದಿಗೆವರೆಗೆ ಬಂದಿಲ್ಲ, ಅಷ್ಟೇ.

ನಮ್ಮ ಮನೆಯ ಮಿಲ್ಲಿನಲ್ಲಿ ಒಮ್ಮೆ ಪ್ರಯತ್ನಿಸಿ ಕೆಟ್ಟಿದ್ದೇವೆ. ಒಂದು ಕಾಲೇಜಿನ ಹುಡುಗರಿಗೆ "ನಮಗೊಂದು ಆ್ಯಪ್ ಮಾಡಿಕೊಡಿ" ಎಂದೆವು. ಪಾಪ, ಚೆನ್ನಾಗಿಯೇ ಮಾಡಿದರು. ಸೆಮಿಸ್ಟರ್ ಮುಗಿಯಿತು, ಹುಡುಗರು ಕೆಲಸ ಸಿಕ್ಕಿ ಊರು ಬಿಟ್ಟರು, ಆ್ಯಪ್ ನೋಡಿಕೊಳ್ಳುವವರು ಯಾರೂ ಉಳಿಯಲಿಲ್ಲ. ತಪ್ಪು ಅವರದ್ದಲ್ಲ. ನಾವು ಆ್ಯಪ್ ಕೇಳಿದೆವು, ತೊಂದರೆ ಏನು ಎಂದು ಹೇಳಲಿಲ್ಲ. ಅದರಿಂದ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದೇ ಒಂದು ತೊಂದರೆ ಹಿಡಿಯಿರಿ

ದುಡ್ಡು ಎಲ್ಲಿ ನಿಲ್ಲುತ್ತಿದೆ, ಎಷ್ಟು ದಿನ ನಿಲ್ಲುತ್ತಿದೆ, ಅದಕ್ಕೆ ಎಷ್ಟು ಖರ್ಚಾಗುತ್ತಿದೆ. ಈ ಮೂರನ್ನು ಒಂದು ಹಾಳೆಯಲ್ಲಿ ಬರೆಯಿರಿ. ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. 10 ಲಕ್ಷದ ಅಕ್ಕಿ ಕಳಿಸಿದಿರಿ, ದುಡ್ಡು ಬರಲು ಎರಡು ತಿಂಗಳಾಯಿತು, ಅಷ್ಟು ದಿನಕ್ಕೆ ನೀವು ತಿಂಗಳಿಗೆ ನೂರಕ್ಕೆ ಒಂದೂವರೆ ರೂಪಾಯಿ ಬಡ್ಡಿಗೆ ತಂದಿರಿ ಎಂದುಕೊಳ್ಳಿ. 30,000 ರೂಪಾಯಿ ಹೋಯಿತು. ವರ್ಷಕ್ಕೆ ಇಂಥ ಎಷ್ಟು ಲೋಡು ಹೋಗುತ್ತವೆ? ಗುಣಿಸಿ ನೋಡಿ. ಆ ಅಂಕಿಯನ್ನು ಹಾಳೆಯ ಮೇಲ್ಗಡೆ ದೊಡ್ಡದಾಗಿ ಬರೆಯಿರಿ. ಸಂಶೋಧಕರಿಗೆ ನೀವು ಒಯ್ಯಬೇಕಾದದ್ದು ಇದನ್ನೇ.

ಇರುವ ದಾರಿಗಳನ್ನೂ ಅದೇ ಹಾಳೆಯಲ್ಲಿ ಬರೆಯಿರಿ, ಇಲ್ಲದಿದ್ದರೆ ಇರುವುದನ್ನೇ ಮತ್ತೆ ಕಂಡುಹಿಡಿಯುತ್ತಾ ಒಂದು ವರ್ಷ ಹೋಗಿಬಿಡುತ್ತದೆ. 2006ರ ಸಣ್ಣ, ಮಧ್ಯಮ ಉದ್ದಿಮೆಗಳ, ಅಂದರೆ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಉದ್ದಿಮೆಯಿಂದ ಮಾಲು ಕೊಂಡವರು, ಬರಹದ ಒಪ್ಪಂದ ಇದ್ದರೂ, 45 ದಿನದೊಳಗೆ ದುಡ್ಡು ಕೊಡಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ. ಟ್ರೆಡ್ಸ್ ಎಂಬ ವ್ಯವಸ್ಥೆ ಇದೆ. ನಿಮ್ಮ ಬಿಲ್ಲನ್ನು ಕೊಂಡವರು ಆನ್‌ಲೈನ್‌ನಲ್ಲಿ ಒಪ್ಪಿಕೊಂಡರೆ ಬ್ಯಾಂಕುಗಳು ಅದರ ಮೇಲೆ ಹರಾಜು ಕೂಗಿ ನಿಮಗೆ ಮುಂಚೆಯೇ ದುಡ್ಡು ಕೊಡುತ್ತವೆ, ಕೊಂಡವರು ಕೈ ಎತ್ತಿದರೂ ನಿಮ್ಮನ್ನು ಕೇಳುವಂತಿಲ್ಲ. ನಮ್ಮ ಅಜ್ಜಂದಿರಿಗೆ ಇದು ಹೊಸದೇನಲ್ಲ. ದೂರದ ಊರಿನ ಹುಂಡಿಯನ್ನು, ಅಂದರೆ ಇಂಥವರಿಗೆ ಇಷ್ಟು ದುಡ್ಡು ಕೊಡಿ ಎಂದು ಬರೆದ ಚೀಟಿಯನ್ನು, ವಟಾವು (ಸ್ವಲ್ಪ ಕಡಿತ) ಕಳೆದು ಪೇಟೆಯಲ್ಲೇ ದುಡ್ಡು ಮಾಡಿಕೊಳ್ಳುತ್ತಿದ್ದರಲ್ವಾ, ಅದೇ ಲೆಕ್ಕ. ಆದರೆ ಟ್ರೆಡ್ಸ್‌ಗೆ ಕಡ್ಡಾಯವಾಗಿ ಸೇರಬೇಕಾದವರು 250 ಕೋಟಿಗಿಂತ ಜಾಸ್ತಿ ವಹಿವಾಟಿನ ದೊಡ್ಡ ಕಂಪನಿಗಳು. ನಮ್ಮ ಅಕ್ಕಿ ಕೊಳ್ಳುವ ಸಗಟು ವ್ಯಾಪಾರಿ ಅಷ್ಟು ದೊಡ್ಡವನಲ್ಲ. ಸಂಶೋಧನೆಗೆ ಸಿಗುವ ಒಳ್ಳೆಯ ಪ್ರಶ್ನೆ ಇಲ್ಲಿದೆ: ಟ್ರೆಡ್ಸ್ ಮುಟ್ಟದ ಈ ಮಧ್ಯಮ ವ್ಯಾಪಾರಿಯ ಬಿಲ್ಲನ್ನು ಬ್ಯಾಂಕು ನಂಬಬೇಕಾದರೆ ಏನು ತೋರಿಸಬೇಕು?

ಯಾರ ಹತ್ತಿರ, ಯಾವಾಗ ಹೋಗಬೇಕು

ಹಾರ, ಶಾಲು ಹಿಡಿದು ಕುಲಪತಿಗಳ ಕೋಣೆಗೆ ಹೋಗಬೇಡಿ. ಫೋಟೊ ಬರುತ್ತದೆ, ಕೆಲಸ ಆಗುವುದಿಲ್ಲ. ಪ್ರಶ್ನೆ ಎಂಥದ್ದು ಎಂದು ನೋಡಿ ವಿಭಾಗ ಹುಡುಕಿ. ರೈತರ ಸಾಲ, ಬೆಳೆ, ಮಾರುಕಟ್ಟೆ ದರದ ವಿಷಯ ಆದರೆ ರಾಯಚೂರು ಕೃಷಿ ವಿವಿಯ ಕೃಷಿ ಅರ್ಥಶಾಸ್ತ್ರದವರು. ಬಿಲ್ಲು, ಉದ್ರಿ, ಬಂಡವಾಳದ ವಿಷಯ ಆದರೆ ಬಳ್ಳಾರಿ ವಿವಿಯ ವಾಣಿಜ್ಯ ವಿಭಾಗದವರು. ಸಾವಿರಾರು ಎಂಟ್ರಿ ಜರಡಿ ಹಿಡಿದು ಯಾರು ಯಾವಾಗ ದುಡ್ಡು ಕೊಡುತ್ತಾರೆ ಎಂದು ಅಂದಾಜು ಮಾಡುವುದಿದ್ದರೆ ಕಂಪ್ಯೂಟರ್ ಕಲಿತವರು. ಪಿಎಚ್‌ಡಿ ಮಾಡುತ್ತಿರುವವರನ್ನು ಮೊದಲು ಮಾತಾಡಿಸಿ. ಅವರು ಒಂದು ಪ್ರಶ್ನೆಯ ಹಿಂದೆ ಮೂರ್ನಾಲ್ಕು ವರ್ಷ ಇರುತ್ತಾರೆ, ಸೆಮಿಸ್ಟರ್ ಮುಗಿಯಿತೆಂದು ಹೋಗುವುದಿಲ್ಲ.

ಸಮಯದ ಲೆಕ್ಕ ತಪ್ಪಿದರೆ ಎಲ್ಲವೂ ತಪ್ಪುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ಮುಂಗಾರಿನ ಭತ್ತ ಬರುವಾಗ ಮಿಲ್ಲಿನಲ್ಲಿ ಯಾರಿಗೂ ತಲೆ ಎತ್ತಲು ಆಗುವುದಿಲ್ಲ. ಅದೇ ಹೊತ್ತಿಗೆ ಅವರಿಗೆ ಪರೀಕ್ಷೆ. ಎರಡನೇ ಬೆಳೆ ಬರುವ ಏಪ್ರಿಲ್, ಮೇ ಕೂಡ ಹಾಗೇ. ನಾಟಿ ಮುಗಿದು ಪೇಟೆ ತಣ್ಣಗಿರುವ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮೊದಲ ಮಾತು ಮುಗಿಸಿ. ಮೇಡಂ ಅಥವಾ ಸರ್ ಒಂದು ದಿನ ಮಿಲ್ಲಿಗೆ ಬರಲಿ. ಗುಮಾಸ್ತರ ಪಕ್ಕದಲ್ಲಿ ಕೂತು ಬೆಳಗಿನಿಂದ ಸಂಜೆವರೆಗೆ ನೋಡಲಿ. ಇಪ್ಪತ್ತು ವರ್ಷ ಲೆಕ್ಕ ಬರೆದ ಗುಮಾಸ್ತರಿಗೆ ಯಾವ ವ್ಯಾಪಾರಿ ಅಮಾವಾಸ್ಯೆ ಆದ ಮೇಲೆ ಕೊಡುತ್ತಾನೆ, ಯಾರು ಫೋನ್ ಎತ್ತುವುದಿಲ್ಲ ಎಂದೆಲ್ಲ ಗೊತ್ತಿರುತ್ತದೆ. ಅದು ಪುಸ್ತಕದಲ್ಲಿ ಇರುವುದಿಲ್ಲ.

ಲೆಕ್ಕ ಕೊಡುವ ಮುಂಚೆ

ರೈತರ ಹೆಸರು, ಫೋನ್ ನಂಬರ್, ಆಧಾರ್, ಸರ್ವೆ ನಂಬರ್, ಇವು ಹೊರಗೆ ಹೋಗಬಾರದು. ಪ್ರತಿ ರೈತನಿಗೆ ಒಂದು ಗುರುತಿನ ಸಂಖ್ಯೆ ಹಾಕಿ. ಯಾವ ಸಂಖ್ಯೆ ಯಾರದ್ದು ಎಂಬ ಪಟ್ಟಿ ನಿಮ್ಮ ಕಪಾಟಿನಲ್ಲೇ ಇರಲಿ. ವೈಯಕ್ತಿಕ ಮಾಹಿತಿ ಕಾಪಾಡಲು 2023ರಲ್ಲಿ ಕಾಯ್ದೆ ಬಂದಿದೆ, ಅದು ಹೇಗೂ ಇದೆ. ಆದರೆ ಕಾಯ್ದೆ ಇಲ್ಲದಿದ್ದರೂ ಇದನ್ನು ಮಾಡಲೇಬೇಕು. ನಮ್ಮನ್ನು ನಂಬಿ ಚೀಲ ಇಳಿಸಿದವರ ಸಾಲದ ಲೆಕ್ಕ ಇನ್ನೊಬ್ಬರ ಲ್ಯಾಪ್‌ಟಾಪಿನಲ್ಲಿ ಹೆಸರು ಸಮೇತ ಓಡಾಡಬಾರದು. ಯಾರನ್ನಾದರೂ ನೇರವಾಗಿ ಮಾತಾಡಿಸುವುದಿದ್ದರೆ ಕನ್ನಡದಲ್ಲಿ ಓದಿ ಹೇಳಿ, ಒಪ್ಪಿಗೆ ತೆಗೆದುಕೊಳ್ಳಿ. ಬೇಡ ಎಂದವರನ್ನು ಬಿಟ್ಟುಬಿಡಿ.

ಇನ್ನೊಂದು ಸಣ್ಣ ವಿಷಯ, ಆದರೆ ದೊಡ್ಡ ಗೊಂದಲ ಮಾಡುತ್ತದೆ. ನಮ್ಮಲ್ಲಿ ಭತ್ತದ ದರ ಹೇಳುವುದು 75 ಕೆಜಿ ಚೀಲಕ್ಕೆ. ಅವರ ಪುಸ್ತಕದಲ್ಲಿ ಎಲ್ಲವೂ ಕ್ವಿಂಟಲ್. ಇದನ್ನು ಮೊದಲ ದಿನವೇ ಹೇಳದಿದ್ದರೆ ಮೂರು ತಿಂಗಳ ಕೆಲಸ ಹಾಳಾಗುತ್ತದೆ. ಹಮಾಲಿ ಯಾರ ಲೆಕ್ಕ, ತೂಕದಲ್ಲಿ ಕಳೆಯುವುದು ಎಷ್ಟು, ಮುಂಗಡ ಕೊಟ್ಟದ್ದನ್ನು ಎಲ್ಲಿ ಬರೆಯುತ್ತೀರಿ, ಇದನ್ನೂ ಒಂದು ಪುಟದಲ್ಲಿ ಬರೆದುಕೊಡಿ.

ಒಪ್ಪಂದ ಎರಡು ಪುಟ ಸಾಕು, ಕನ್ನಡದಲ್ಲಿ ಒಂದು ಪ್ರತಿ ಇರಲಿ. ಓಡಾಟದ ಖರ್ಚು, ಹುಡುಗರ ಗೌರವಧನ ಯಾರದ್ದು? ಮಾಡಿದ ಸಾಫ್ಟ್‌ವೇರ್ ಯಾರದ್ದು, ಎರಡು ವರ್ಷ ಆದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು, ಪಾಸ್‌ವರ್ಡ್ ಯಾರ ಹತ್ತಿರ? ಪ್ರಬಂಧದಲ್ಲಿ ನಿಮ್ಮ ಮಿಲ್ಲಿನ ಹೆಸರು ಬರಬೇಕೋ ಬೇಡವೋ? ಇವೆಲ್ಲ ಇರಲಿ. ಫಲಿತಾಂಶ ನಮಗೆ ಹಿಡಿಸದಿದ್ದರೂ ಅವರು ಪ್ರಕಟಿಸಬಹುದು ಎಂಬ ಮಾತನ್ನೂ ಬರೆಯಿರಿ. ವ್ಯಾಪಾರಿಗಳಿಗೆ ಇದನ್ನು ಒಪ್ಪುವುದು ಕಷ್ಟ, ನನಗೂ ಕಷ್ಟವೇ ಆಯಿತು. ಆದರೆ ಅವರಿಗೆ ಪ್ರಬಂಧವೇ ಬೆಳೆ. ಬೆಳೆ ಕೊಯ್ಯಬೇಡ ಎಂದರೆ ಯಾರು ಬಿತ್ತುತ್ತಾರೆ?

ಬ್ಯಾಂಕನ್ನು ಕೊನೆಗೆ ಕರೆಯಬೇಡಿ

ಇಲ್ಲಿ ಬಹಳ ಜನ ಎಡವುತ್ತಾರೆ. ಎಲ್ಲ ತಯಾರು ಮಾಡಿ, ಕೊನೆಗೆ ಬ್ಯಾಂಕಿಗೆ ಹೋಗುತ್ತಾರೆ. ಅಲ್ಲಿ "ಇದು ನಮ್ಮ ನಿಯಮಕ್ಕೆ ಹೊಂದುವುದಿಲ್ಲ" ಎಂದರೆ ಮುಗಿಯಿತು. ಸಾಲ ಕೊಡುವ ಕೆಲಸವನ್ನು ಮಿಲ್ಲಿನವರು, ಕಾಲೇಜಿನವರು ಸೇರಿ ಶುರು ಮಾಡಲು ಆಗುವುದಿಲ್ಲ. ಅದಕ್ಕೆ ಬ್ಯಾಂಕು ಅಥವಾ ಆರ್‌ಬಿಐ ಅನುಮತಿ ಇರುವ ಹಣಕಾಸು ಸಂಸ್ಥೆಯೇ ಬೇಕು. ನಮ್ಮ ಕಡೆಗೆ ಒಂದು ಅನುಕೂಲ ಇದೆ. 2025ರ ಮೇ 1ರಿಂದ ರಾಜ್ಯದ ಎರಡು ಗ್ರಾಮೀಣ ಬ್ಯಾಂಕು ಸೇರಿ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ, ಅದರ ಮುಖ್ಯ ಕಚೇರಿ ಬಳ್ಳಾರಿಯಲ್ಲೇ ಇದೆ. ಬೆಂಗಳೂರಿಗೆ ಹೋಗದೆ ಮೇಲಿನ ಮಟ್ಟದ ಅಧಿಕಾರಿಗಳನ್ನು ಭೇಟಿ ಮಾಡಬಹುದು. ನಬಾರ್ಡ್‌ನ (ಕೃಷಿ, ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕು) ಜಿಲ್ಲಾ ಅಭಿವೃದ್ಧಿ ವ್ಯವಸ್ಥಾಪಕರನ್ನೂ ಮೊದಲ ಸಭೆಗೇ ಕರೆಯಿರಿ.

ಆಲೋಚನೆ ತೀರಾ ಹೊಸದಾಗಿದ್ದು ಯಾವ ನಿಯಮಕ್ಕೂ ಸರಿಯಾಗಿ ಕೂಡುತ್ತಿಲ್ಲ ಎಂದರೆ ಆರ್‌ಬಿಐ 2019ರಲ್ಲಿ ಶುರು ಮಾಡಿದ ರೆಗ್ಯುಲೇಟರಿ ಸ್ಯಾಂಡ್‌ಬಾಕ್ಸ್ ಇದೆ. ನಿಜವಾದ ಗ್ರಾಹಕರ ಮೇಲೆ, ಸಣ್ಣ ಪ್ರಮಾಣದಲ್ಲಿ, ಆರ್‌ಬಿಐ ಕಣ್ಣಮುಂದೆ ಪರೀಕ್ಷೆ ಮಾಡುವ ಅವಕಾಶ ಅದು. ಅದರ ಮೂರನೇ ಸುತ್ತಿನ ವಿಷಯವೇ ಸಣ್ಣ ಉದ್ದಿಮೆಗಳಿಗೆ ಸಾಲ ಆಗಿತ್ತು. ಬೆಂಗಳೂರಿನಲ್ಲಿ 2022ರಿಂದ ಹಣಕಾಸಿನ ಹೊಸ ಪ್ರಯೋಗಗಳಿಗೆಂದೇ ರಿಸರ್ವ್ ಬ್ಯಾಂಕ್ ಇನ್ನೋವೇಶನ್ ಹಬ್ ಕೂಡ ಇದೆ. ಆದರೆ ನಮ್ಮಂಥವರ ಹೆಚ್ಚಿನ ಕೆಲಸಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ. ಇರುವ ಸಾಲದಲ್ಲೇ ಕಂತಿನ ದಿನಾಂಕ ಬದಲಿಸುವುದು, ನೋಂದಾಯಿತ ಗೋದಾಮಿನ ಎಲೆಕ್ಟ್ರಾನಿಕ್ ರಸೀದಿ ಮೇಲೆ ಸಾಲ ಬೇಗ ಸಿಗುವಂತೆ ಮಾಡುವುದು, ಇಂಥವೂ ಹೊಸತನವೇ.

ಪರೀಕ್ಷೆ ಮಾಡುವಾಗ

ಸಂಶೋಧಕರ ನಿಜವಾದ ಬೆಲೆ ಗೊತ್ತಾಗುವುದು ಇಲ್ಲಿ. ನಾವು ವ್ಯಾಪಾರಿಗಳು ರೈತರಿಗೆ ಕೊಟ್ಟ ಮುಂಗಡದ ವಿಷಯದಲ್ಲಿ ಹೊಸದೇನಾದರೂ ಮಾಡಿ, ಆ ವರ್ಷ ವಸೂಲಿ ಚೆನ್ನಾಗಿ ಆದರೆ "ನಮ್ಮ ಯೋಜನೆ ಗೆದ್ದಿತು" ಎನ್ನುತ್ತೇವೆ. ಆದರೆ ಆ ವರ್ಷ ಡ್ಯಾಮ್ ತುಂಬಿತ್ತು, ಕಾಲುವೆಗೆ ಕೊನೆತನಕ ನೀರು ಬಂತು, ದರವೂ ಇತ್ತು. ಯೋಜನೆ ಇಲ್ಲದಿದ್ದರೂ ಎಲ್ಲರೂ ಕೊಡುತ್ತಿದ್ದರು, ಅಲ್ವಾ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟು ಕೊಚ್ಚಿಹೋದಾಗ ನಮಗೆಲ್ಲ ಎದೆ ಧಸಕ್ ಎಂದದ್ದು ಸುಮ್ನೆ ಅಲ್ಲ. ಇಡೀ ಎಡದಂಡೆ ಕಾಲುವೆ ಸೀಮೆಯ ವಸೂಲಿ ಆ ಒಂದು ಡ್ಯಾಮಿಗೆ ಕಟ್ಟಿಕೊಂಡಿದೆ. ಆದ್ದರಿಂದ ಒಂದೇ ಹಂಗಾಮಿನಲ್ಲಿ, ಒಂದೇ ಕಾಲುವೆಯ ರೈತರಲ್ಲಿ, ಚೀಟಿ ಎತ್ತಿ ಅರ್ಧ ಜನರಿಗೆ ಹೊಸ ಪದ್ಧತಿ, ಉಳಿದವರಿಗೆ ಹಳೆಯದು ಎಂದು ಮಾಡಿ. ಹಂಗಾಮು ಮುಗಿದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಮ್ಮ ನೆಂಟರಿಗೆ, ಬೇಕಾದವರಿಗೆ ಮೊದಲು ಕೊಡುವ ಆಸೆ ಬರುತ್ತದೆ. ಅದನ್ನು ಗಟ್ಟಿ ಮನಸ್ಸಿನಿಂದ ತಡೆಯಿರಿ. ಒಬ್ಬರ ಬಳಿ ನಲವತ್ತೇ ರೈತರಿದ್ದರೆ ಯಾವುದೂ ಸ್ಪಷ್ಟವಾಗಿ ಗೊತ್ತಾಗುವುದಿಲ್ಲ, ನಾಲ್ಕಾರು ಮಿಲ್ಲಿನವರು, ದಲಾಲಿ ಅಂಗಡಿಯವರು ಕೂಡಬೇಕು.

ಇದಕ್ಕೆ ನಮ್ಮ ಪಕ್ಕದಲ್ಲೇ ಒಂದು ಉದಾಹರಣೆ ಇದೆ. 2003ರಲ್ಲಿ ರಾಯಚೂರಿನ ಗಡಿ ದಾಟಿದರೆ ಆಗ ಸಿಗುತ್ತಿದ್ದ ಮೆಹಬೂಬ್‌ನಗರ ಜಿಲ್ಲೆಯಲ್ಲಿ ಬೇಸಿಕ್ಸ್ ಎಂಬ ಕಿರುಸಾಲ ಸಂಸ್ಥೆ ಮತ್ತು ಐಸಿಐಸಿಐ ಲೊಂಬಾರ್ಡ್ ಸೇರಿ ಮಳೆ ವಿಮೆ ಮಾರಲು ಶುರು ಮಾಡಿದವು. ಮಳೆಮಾಪಕದಲ್ಲಿ ಇಷ್ಟಕ್ಕಿಂತ ಕಡಿಮೆ ಬಂದರೆ ದುಡ್ಡು, ಬೆಳೆ ನೋಡಲು ಯಾರೂ ಬರಬೇಕಾಗಿಲ್ಲ. ಕಾಗದದ ಮೇಲೆ ಬಹಳ ಚೆಂದ. ಗಿನೆ, ಟೌನ್ಸೆಂಡ್, ವಿಕರಿ ಎಂಬ ಮೂವರು ಅರ್ಥಶಾಸ್ತ್ರಜ್ಞರು ಯಾರು ಕೊಂಡರು, ಯಾರು ಕೊಳ್ಳಲಿಲ್ಲ ಎಂದು ನೋಡಿದರು. ನಷ್ಟಕ್ಕೆ ಹೆದರುವ ರೈತರೇ ವಿಮೆ ಹೆಚ್ಚು ಕೊಳ್ಳಬೇಕಿತ್ತು, ಅವರೇ ಕಡಿಮೆ ಕೊಂಡಿದ್ದರು. ಅವರಿಗೆ ಆ ವಿಮೆಯೇ ಹೊಸ ಅಪಾಯದಂತೆ ಕಂಡಿತ್ತು. ಬೇಸಿಕ್ಸ್ ಸಂಸ್ಥೆಯ ಪರಿಚಯ ಮೊದಲೇ ಇದ್ದವರು ಹೆಚ್ಚು ಧೈರ್ಯವಾಗಿ ಕೊಂಡಿದ್ದರು. ಮಾರುವವರಷ್ಟೇ ಇದ್ದಿದ್ದರೆ "ರೈತರಿಗೆ ತಿಳಿವಳಿಕೆ ಇಲ್ಲ" ಎಂದು ಸುಮ್ಮನಾಗುತ್ತಿದ್ದರು.

ಕೋಲ್ಕತ್ತದಲ್ಲಿಯೂ ಒಂದು ಕಿರುಸಾಲ ಸಂಸ್ಥೆ ಸಂಶೋಧಕರ ಜೊತೆ ಸೇರಿ ಕೆಲವರಿಗೆ ಮೊದಲ ಕಂತನ್ನು ಎರಡು ವಾರಕ್ಕೆ, ಕೆಲವರಿಗೆ ಎರಡು ತಿಂಗಳಿಗೆ ಇಟ್ಟು ನೋಡಿತು. ಎರಡು ತಿಂಗಳು ಸಿಕ್ಕವರು ವ್ಯಾಪಾರಕ್ಕೆ ಜಾಸ್ತಿ ಹಾಕಿದರು, ಲಾಭವೂ ಜಾಸ್ತಿ ಆಯಿತು. ಆದರೆ ಸಾಲ ಕಟ್ಟದವರೂ ಅವರಲ್ಲೇ ಜಾಸ್ತಿ ಇದ್ದರು. ಎರಡೂ ನಿಜ. ಹಾಗಾದರೆ ಬ್ಯಾಂಕು ಆ ಅಪಾಯಕ್ಕೆ ಎಷ್ಟು ಬಡ್ಡಿ ಇಡಬೇಕು, ಯಾರಿಗೆ ಆ ಎರಡು ತಿಂಗಳು ಕೊಡಬೇಕು ಎಂದು ಮುಂದಿನ ಪ್ರಶ್ನೆ ಅಲ್ಲಿಂದ ಹುಟ್ಟುತ್ತದೆ. ನಿಮ್ಮ ಪರೀಕ್ಷೆಯ ಫಲಿತಾಂಶವೂ ಹೀಗೆ ಅರ್ಧ ಸಿಹಿ, ಅರ್ಧ ಕಹಿ ಬರಬಹುದು. ಯಾವ ಮಟ್ಟಕ್ಕೆ ನಷ್ಟ ಹೋದರೆ ನಿಲ್ಲಿಸಬೇಕು ಎಂದು ಶುರು ಮಾಡುವ ಮುಂಚೆಯೇ ಬರೆದಿಟ್ಟುಕೊಳ್ಳಿ. ಮಧ್ಯದಲ್ಲಿ ಕೂತು ಅದನ್ನು ತೀರ್ಮಾನ ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ.

ಹಂಗಾಮು ಮುಗಿದ ಮೇಲೆ ಫಲಿತಾಂಶವನ್ನು ಮೊದಲು ರೈತರಿಗೆ ಹೇಳಿ. ಮಿಲ್ಲಿನ ಕಟ್ಟೆ ಮೇಲೇ ಕೂಡಿಸಿ, ಚಹಾ ಕೊಟ್ಟು, ಕನ್ನಡದಲ್ಲಿ, ಕ್ವಿಂಟಲ್ ಬಿಟ್ಟು ಚೀಲದ ಲೆಕ್ಕದಲ್ಲಿ ಹೇಳಿ. "ಇಲ್ಲ ಸಾವ್ಕಾರ್ರೆ, ನಾವು ತಡ ಮಾಡಿದ್ದು ಅದಕ್ಕಲ್ಲ" ಎಂದು ಯಾರಾದರೂ ಎದ್ದು ಹೇಳುತ್ತಾರೆ. ಅದನ್ನು ಸಂಶೋಧಕರು ಬರೆದುಕೊಳ್ಳಲಿ. ಆಮೇಲೆ ಬ್ಯಾಂಕಿನವರ ಮುಂದೆ ಹೇಳಿ, ಅವರು ಒಪ್ಪಿದ್ದನ್ನು ಅದೇ ವಾರ ಪತ್ರದಲ್ಲಿ ತೆಗೆದುಕೊಂಡು ಒಂದು ಪ್ರತಿ ಶಾಖೆಯ ಫೈಲಿನಲ್ಲಿ, ಒಂದು ವಿಭಾಗದಲ್ಲಿ, ಒಂದು ನಿಮ್ಮ ಕಪಾಟಿನಲ್ಲಿ ಇಡಿ. ಮ್ಯಾನೇಜರ್‌ಗೆ ವರ್ಗ ಆಗುತ್ತದೆ, ಪಿಎಚ್‌ಡಿ ಮುಗಿಸಿದವರು ಬೇರೆ ಊರಿಗೆ ಹೋಗುತ್ತಾರೆ. ಮುಂದಿನ ನಾಟಿ ಹೊತ್ತಿಗೆ ಹೊಸ ಮ್ಯಾನೇಜರ್ ಮೇಜಿನ ಮೇಲೆ ಇಡಲು ಆ ಪತ್ರ ಬೇಕಾಗುತ್ತದೆ.